ಗಾಜಿನ ಪೆಟ್ಟಿಗೆ, ಕೆಂಪು ಬಲ್ಬು: ಊಸರವಳ್ಳಿ ಮರಿ ಕೊಳ್ಳುವ ಮುನ್ನ ಓದಿ

ಬಳ್ಳಾರಿ, ಸಿರುಗುಪ್ಪ, ಸಂಡೂರು ಕಡೆಯ ಯಾರಾದರೂ ವಿದೇಶಿ ಊಸರವಳ್ಳಿಯ ಮರಿ ಸಾಕಬೇಕೆಂದಿದ್ದರೆ, ಅದರ ಜೊತೆಗೆ ‘ಪೂರ್ತಿ ಸೆಟ್’ ಎಂದು ಮಾರುವ ಗಾಜಿನ ಪೆಟ್ಟಿಗೆಯನ್ನು ದಯವಿಟ್ಟು ಕೊಳ್ಳಬೇಡಿ. ಕಳೆದ ಬೇಸಿಗೆಯಲ್ಲಿ ನನ್ನ ತಂಗಿಯ ಮಗ ಎರಡು ಮರಿಗಳನ್ನು ತರಿಸಿದ. ಒಂದು ಸತ್ತುಹೋಯಿತು. ಇನ್ನೊಂದು ಬದುಕಿದೆ, ಆದರೆ ಅದರ ಮುಂಗಾಲು ಇನ್ನು ನೆಟ್ಟಗಾಗುವುದಿಲ್ಲ. ಅಂಟುರೋಗ ಏನೂ ಬಂದಿರಲಿಲ್ಲ. ಅವುಗಳನ್ನು ಕೆಡಿಸಿದ್ದು ಆ ಸೆಟ್ಟೇ.

ಬಂದ ಸಾಮಾನು ಇಷ್ಟು: ಮೇಲೂ ಗಾಜಿನ ಮುಚ್ಚಳವಿರುವ ಪೆಟ್ಟಿಗೆ, ಒಂದು ಎಲ್‌ಇಡಿ ಪಟ್ಟಿ, ಒಂದು ಕೆಂಪು ಬಲ್ಬು, ನೀರಿನ ಬಟ್ಟಲು. ಮರಿಗಳೆರಡೂ ಅದರೊಳಗೇ ಇರಬೇಕು, ಬಲ್ಬು ಹಗಲೂ ರಾತ್ರಿಯೂ ಉರಿಯಬೇಕು ಎಂಬುದು ಮಾರಿದವನ ಮಾತು. ಬಳ್ಳಾರಿಯ ಬಿಸಿಲಿನ ಬಗ್ಗೆ ಕೇಳಿದರೆ, “ಇದು ಅರೇಬಿಯಾದ ಪ್ರಾಣಿ, ಎಷ್ಟು ಬಿಸಿಯಾದರೂ ತಡೆದುಕೊಳ್ಳುತ್ತದೆ” ಎಂದನಂತೆ. ಇದು ಪ್ರಾಣ ತೆಗೆಯುವ ಸುಳ್ಳು. ಆ ಜಾತಿಯ, ಅಂದರೆ ಇಂಗ್ಲಿಷಿನಲ್ಲಿ ವೇಲ್ಡ್ (veiled) ಎಂದು ಕರೆಯುವ ಊಸರವಳ್ಳಿಯ ತವರು ಯೆಮನ್ ಮತ್ತು ಸೌದಿ ಅರೇಬಿಯಾ ಎಂಬುದು ನಿಜ. ಆದರೆ ಅದು ಬರೀ ಮರಳಿನಲ್ಲಿ ಬದುಕುವ ಜೀವಿಯಲ್ಲ. ಬೆಟ್ಟದ ಇಳಿಜಾರು, ಹಳ್ಳದ ದಂಡೆಗಳ ಗಿಡಮರಗಳಲ್ಲಿ ಎಲೆಯ ಮರೆ ನೋಡಿಕೊಂಡು, ಎಲೆಯ ಮೇಲಿನ ಹನಿ ಕುಡಿದು ಬದುಕುತ್ತದೆ.

ಮರಿಗೆ ಮೈಕಾಯಿಸಿಕೊಳ್ಳುವ ಕೊಂಬೆಯ ಮೇಲೆ ಸುಮಾರು 29 ಡಿಗ್ರಿ ಸೆಲ್ಸಿಯಸ್ ಸಾಕು. ಪೆಟ್ಟಿಗೆಯ ಉಳಿದ ಭಾಗ ಅದಕ್ಕಿಂತ ತಂಪಾಗಿರಬೇಕು, ರಾತ್ರಿ ಇನ್ನೂ ತಂಪಾಗಬೇಕು. ಮೇ ತಿಂಗಳಲ್ಲಿ ಇಲ್ಲಿ ಹೊರಗೆ 40 ದಾಟುತ್ತದೆ, ತಾರಸಿ ಮನೆಯ ಒಳಗೂ ಮಧ್ಯಾಹ್ನ ಕುದಿಯುತ್ತದೆ. ಅದರ ಮೇಲೆ ಗಾಜು, ಗಾಜಿನೊಳಗೆ ಉರಿಯುವ ಬಲ್ಬು. ಪುಟ್ಟ ಮೈ ಬೇಗ ಕಾಯುತ್ತದೆ, ಬೇಗ ಒಣಗುತ್ತದೆ. ಚಿಕ್ಕ ಮರಿ ಬಾಯಿ ತೆರೆದುಕೊಂಡು, ಮೈಬಣ್ಣ ಬಿಳಿಚಿಸಿಕೊಂಡು ಗಾಜಿಗೆ ಒರಗಿತ್ತು. ಕಣ್ಣುಗಳು ಗುಳಿಬಿದ್ದಿದ್ದವು. ಬಟ್ಟಲಿನಲ್ಲಿ ನೀರು ತುಂಬಿಯೇ ಇತ್ತು, ಏಕೆಂದರೆ ಊಸರವಳ್ಳಿ ಸಾಮಾನ್ಯವಾಗಿ ನಿಂತ ನೀರನ್ನು ನೀರೆಂದು ಗುರುತಿಸುವುದೇ ಇಲ್ಲ. ಸಂಜೆಯೊಳಗೆ ಅದು ಸತ್ತಿತು.

ಉಳಿದದ್ದನ್ನು ತಂಪು ಕೋಣೆಗೆ ಸಾಗಿಸಿದ್ದೆವು. ಹೊಟ್ಟೆ ತುಂಬ ತಿನ್ನುತ್ತಿತ್ತು. ಕೆಲವು ವಾರಗಳ ಮೇಲೆ ಹುಡುಗ ಕರೆದ: “ದೊಡ್ಡಮ್ಮ, ಇಲ್ಲಿ ನೋಡಿ, ಕೊಂಬೆ ಬಿಟ್ಟು ತನ್ನ ಕಾಲನ್ನೇ ಹಿಡಿದುಕೊಂಡಿದೆ.” ಹೋಗಿ ನೋಡಿದರೆ, ಇಕ್ಕಳದಂತಹ ಮುಂಪಾದ ಇನ್ನೊಂದು ಮುಂಗಾಲನ್ನು ಬಿಗಿಯಾಗಿ ಹಿಡಿದಿತ್ತು. ಹಿಡಿಸಿಕೊಂಡ ಕಾಲು ಮೊಣಕೈಯ ಕೆಳಗೆ ಬಿಲ್ಲಾಗಿ ಬಾಗಿತ್ತು. ಹುಳುವಿಗೆ ನಾಲಿಗೆ ಚಾಚಿದರೆ ಅರ್ಧಕ್ಕೇ ಜೋತುಬೀಳುತ್ತಿತ್ತು. ಇಲ್ಲಿ ಹಸು, ಕುರಿ, ನಾಯಿ ನೋಡುವ ವೈದ್ಯರಿದ್ದಾರೆ, ಸರೀಸೃಪ ನೋಡುವವರು ನಮಗೆ ಸಿಗಲಿಲ್ಲ. ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಒಯ್ದೆವು. ಎಕ್ಸ್‌ರೇಯಲ್ಲಿ ಮೂಳೆಗಳು ಮಸುಕು ಮಸುಕಾಗಿ ಕಂಡವು.

ವೈದ್ಯರು ಮೊದಲು ಕೇಳಿದ್ದೇ ದೀಪದ ಬಗ್ಗೆ. ಊಸರವಳ್ಳಿಯ ಚರ್ಮಕ್ಕೆ ಯುವಿಬಿ ಎಂಬ ಅತಿನೇರಳೆ ಕಿರಣ ಬೀಳದಿದ್ದರೆ ಡಿ3 ಜೀವಸತ್ವ ತಯಾರಾಗದು, ಅದಿಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತದು. ಆಗ ದೇಹವು ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ. ದಿನದಿನಕ್ಕೂ ಬೆಳೆಯುವ ಮರಿಯಲ್ಲಿ ಈ ಹಾನಿ ಬಲು ಬೇಗ. ಮನೆಬಳಕೆಯ ಎಲ್‌ಇಡಿಯಲ್ಲಿ ಯುವಿಬಿ ಇರುವುದಿಲ್ಲ, ಕೆಂಪು ಬಲ್ಬಿನಲ್ಲೂ ಇಲ್ಲ. ನಮ್ಮೂರಿನಲ್ಲಿ ಬಿಸಿಲಿಗೇನು ಬರ ಎಂದು ಕಿಟಕಿಯ ಬಳಿ ಇಟ್ಟರೂ ಫಲವಿಲ್ಲ. ಸಾಮಾನ್ಯ ಗಾಜು ಆ ಕಿರಣವನ್ನು ತಡೆದು, ಕಾವನ್ನು ಮಾತ್ರ ಒಳಗೆ ಬಿಡುತ್ತದೆ. ಕೆಂಪು ಬೆಳಕು ಪ್ರಾಣಿಗೆ ಕಾಣಿಸುವುದಿಲ್ಲ ಎಂದು ಹೇಳುವುದನ್ನೂ ನಂಬಬೇಡಿ. ಅದಕ್ಕೆ ಬಣ್ಣ ಚೆನ್ನಾಗಿಯೇ ಕಾಣುತ್ತದೆ, ನಿದ್ದೆಗೆ ಪೂರ್ಣ ಕತ್ತಲೆ ಬೇಕು.

ಈಗ ಅದು ನಾಲ್ಕೂ ಕಡೆ ಜಾಲರಿಯಿರುವ ಎತ್ತರದ ಗೂಡಿನಲ್ಲಿದೆ. ಒಳಗೆ ದಾಸವಾಳದ ಗಿಡ, ಅಡ್ಡಡ್ಡಲಾಗಿ ಸಣ್ಣ ಕೊಂಬೆಗಳು. ಉದ್ದನೆಯ ಯುವಿಬಿ ಟ್ಯೂಬನ್ನು ಜಾಲರಿಯ ಮೇಲೆ, ಮರಿ ಕೂರುವ ಕೊಂಬೆಯಿಂದ ಒಂದು ಗೇಣಿನಷ್ಟು ದೂರದಲ್ಲಿ ಇಟ್ಟಿದ್ದೇವೆ. ಹಗಲು 12 ಗಂಟೆ ಬೆಳಕು, ಆಮೇಲೆ ಎಲ್ಲವೂ ಆರಬೇಕು. ಕಾವಿನ ಬಲ್ಬು ಚಳಿಗಾಲದ ಬೆಳಿಗ್ಗೆಗೆ ಮಾತ್ರ. ಬೇಸಿಗೆಯಲ್ಲಿ ಅದನ್ನು ಆರಿಸಿದರೂ ಯುವಿಬಿ ಟ್ಯೂಬನ್ನು ಆರಿಸುವುದಿಲ್ಲ. ಆ ಟ್ಯೂಬು ನೋಡಲು ಉರಿಯುತ್ತಲೇ ಇದ್ದರೂ ಅದರ ಕಿರಣ ಕ್ರಮೇಣ ಕುಂದುತ್ತದೆ. ಆರು ತಿಂಗಳಿಂದ ಒಂದು ವರ್ಷದೊಳಗೆ ತಯಾರಕರು ಹೇಳಿದಂತೆ ಬದಲಿಸಬೇಕು. ತಾಪಮಾನವನ್ನು ಅಂದಾಜಿಗೆ ಬಿಡದೆ, ಉಷ್ಣಮಾಪಕದ ತುದಿಯನ್ನು ಆ ಕೊಂಬೆಗೇ ಕಟ್ಟಿ ನೋಡಿ. ಬಲ್ಬು ಜಾಲರಿಗೆ ತಾಗಿದ್ದರೆ ಮರಿ ಮೇಲೆ ಹತ್ತಿ ಬೆನ್ನು ಸುಟ್ಟುಕೊಳ್ಳುತ್ತದೆ. ಕೂಲರ್ ಗಾಳಿ ನೇರವಾಗಿ ಬಡಿಯದಿರಲಿ. ಎಲೆಗಳಿಗೆ ದಿನವೂ ನೀರು ಸಿಂಪಡಿಸಿ, ಆದರೆ ಗೂಡು ಮತ್ತೆ ಒಣಗಬೇಕು. ಹುಳುಗಳಿಗೆ ಕ್ಯಾಲ್ಸಿಯಂ ಪುಡಿ ಹಚ್ಚಿಯೇ ಕೊಡಿ. ಒಂದು ಗೂಡಿಗೆ ಒಂದೇ ಮರಿ, ಜೋಡಿ ಚೆಂದವೆಂದು ಯಾರು ಹೇಳಿದರೂ ಕೇಳಬೇಡಿ. ಒಂದನ್ನೊಂದು ನೋಡುತ್ತಾ ಇರುವುದೇ ಅವುಗಳಿಗೆ ಸಂಕಟ.

ಇನ್ನೊಂದು ಮಾತು. ಖರ್ಚು ಕಡಿಮೆಯೆಂದು ಹೊಲದ ಬೇಲಿಯಿಂದ ನಮ್ಮ ನಾಡಿನ ಊಸರವಳ್ಳಿಯನ್ನು ಹಿಡಿದುಕೊಡುವವರೂ ಇದ್ದಾರೆ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿ, ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ವಿದೇಶಿ ಜಾತಿಗೂ 2022ರ ತಿದ್ದುಪಡಿಯ ಬಳಿಕ ನೋಂದಣಿಯ ನಿಯಮಗಳಿವೆ. ಆದ್ದರಿಂದ ಮುಂಗಡ ಕೊಡುವ ಮೊದಲು ಮಾರುವವನನ್ನು ಕೇಳಿ: ಮರಿಯ ಕಾಗದಪತ್ರ ಎಲ್ಲಿದೆ? ಅದು ಹುಟ್ಟಿ ಎಷ್ಟು ತಿಂಗಳಾಯಿತು? ಇಲ್ಲಿಯವರೆಗೆ ಯಾವ ಯುವಿಬಿ ದೀಪದ ಕೆಳಗಿತ್ತು? ಅದು ಕೊಂಬೆ ಹಿಡಿದು ನಡೆಯುವ, ಹುಳು ಹಿಡಿಯುವ ವಿಡಿಯೊ ಕಳುಹಿಸುತ್ತೀರಾ? ಮೂರನೆಯ ಪ್ರಶ್ನೆಗೆ “ಎಲ್‌ಇಡಿ ಸಾಕು” ಎಂಬ ಉತ್ತರ ಬಂದರೆ ಅಲ್ಲಿಗೇ ಫೋನ್ ಇಟ್ಟುಬಿಡಿ.