ಲೇಪಾಕ್ಷಿ, ಶ್ರೀರಂಗಪಟ್ಟಣ, ಮೇಲುಕೋಟೆ: ಒಂದು ದಿನದಲ್ಲಿ ಕಾರಲ್ಲಿ ಹೋಗಿ ಬರಲು ಯಾವುದು ಸರಿ?

ಬೆಳಿಗ್ಗೆ ಬೆಂಗಳೂರು ಬಿಟ್ಟು ರಾತ್ರಿ ಊಟದ ಹೊತ್ತಿಗೆ ಮನೆ ಸೇರಬೇಕು. ಜೊತೆಗೆ ಮಂಡಿ ನೋವಿರುವ ಅಮ್ಮ, ಹತ್ತು ವರ್ಷದ ಮಗಳು. ಹೀಗೆ ಕಳೆದ ಚಳಿಗಾಲದಲ್ಲಿ ಮೂರು ಶನಿವಾರ ಮೂರು ಹಳೇ ಊರಿಗೆ ಹೋಗಿ ಬಂದೆವು. ಮೂರೂ ಹೆಚ್ಚುಕಡಿಮೆ 120ರಿಂದ 150 ಕಿ.ಮೀ. ಒಳಗೇ ಇವೆ. ಅಂದಮೇಲೆ ದೂರ ನೋಡಿ ಆರಿಸುವುದರಲ್ಲಿ ಅರ್ಥವಿಲ್ಲ. ಊರು ಸೇರಿದ ಮೇಲೆ ಎಷ್ಟು ಸಲ ಕಾರು ಹತ್ತಿ ಇಳಿಯಬೇಕು? ನಾನು ನೋಡಿದ್ದು ಅದನ್ನೇ. ವಯಸ್ಸಾದವರನ್ನು ಕರೆದುಕೊಂಡು ಹೋದವರಿಗೆ ಇದು ಗೊತ್ತಿರುತ್ತದೆ.

ಮೊದಲು ಹೋಗಿದ್ದು ಲೇಪಾಕ್ಷಿಗೆ. ಈಗ ಅದು ಆಂಧ್ರದ ಶ್ರೀ ಸತ್ಯಸಾಯಿ ಜಿಲ್ಲೆ. ಆದರೆ ಗುಡಿಯಲ್ಲಿ ಕನ್ನಡ ಶಾಸನಗಳಿವೆ, ಪರವೂರು ಅನ್ನಿಸುವುದೇ ಇಲ್ಲ. ಚಿಕ್ಕಬಳ್ಳಾಪುರ, ಬಾಗೇಪಲ್ಲಿ ದಾಟಿ ಕೊಡಿಕೊಂಡ ಚೆಕ್‌ಪೋಸ್ಟ್ ಹತ್ತಿರ ಎಡಕ್ಕೆ ತಿರುಗಿದರೆ ಸುಮಾರು 15 ಕಿ.ಮೀ. ಸ್ವಂತ ಕಾರಾದರೆ ತೊಂದರೆ ಇಲ್ಲ. ಹಳದಿ ಬೋರ್ಡಿನ ಟ್ಯಾಕ್ಸಿಯಾದರೆ ಆಂಧ್ರದೊಳಗೆ ಹೋಗಲು ಪರ್ಮಿಟ್ ಇದೆಯಾ ಅಂತ ಬಾಡಿಗೆ ಮಾತಾಡುವಾಗಲೇ ಕೇಳಿಕೊಳ್ಳಿ.

ಇಲ್ಲಿ ಕಾರು ನಿಲ್ಲಿಸುವುದು ಎರಡೇ ಸಲ. ಒಮ್ಮೆ ಒಂದೇ ಬಂಡೆಯಲ್ಲಿ ಕಡೆದ ದೊಡ್ಡ ನಂದಿಯ ಹತ್ತಿರ, ಇನ್ನೊಮ್ಮೆ ವೀರಭದ್ರನ ಗುಡಿ ಮುಂದೆ. 16ನೇ ಶತಮಾನದ, ವಿಜಯನಗರ ಕಾಲದ ಗುಡಿ. ಎಲ್ಲರೂ ನೇರ ಹೋಗುವುದು ನೇತಾಡುವ ಕಂಬಕ್ಕೆ. ಮಗಳು ಒಂದು ಹಾಳೆಯನ್ನು ಕಂಬದ ಅಡಿಗೆ ತೂರಿಸಿದಳು. ಮೂರು ಕಡೆ ಸಲೀಸಾಗಿ ಹೋಯಿತು, ಒಂದು ಮೂಲೆಯಲ್ಲಿ ಸಿಕ್ಕಿಕೊಂಡಿತು. ಅಲ್ಲೊಂದು ಚೂರು ನೆಲಕ್ಕೆ ತಾಗಿದೆ.

ಆದರೆ ಕಂಬಕ್ಕಿಂತ ಮೇಲೆ ನೋಡಿ. ಚಾವಣಿ ತುಂಬ ಚಿತ್ರಗಳು. ಶಿವ ಪಾರ್ವತಿಯರ ಮದುವೆ, ಅರ್ಜುನ ಮತ್ತು ಕಿರಾತನ ನಡುವೆ ನುಗ್ಗುವ ಹಂದಿ, ಸಾಲಾಗಿ ನಿಂತ ಹೆಂಗಸರು, ಒಬ್ಬೊಬ್ಬರ ಸೀರೆ ಮೇಲೂ ಬೇರೆ ಬೇರೆ ಬುಟ್ಟಾ, ಬೇರೆ ಅಂಚು. ಹತ್ತು ನಿಮಿಷ ನೋಡುವಷ್ಟರಲ್ಲಿ ಅಮ್ಮನ ಕತ್ತು ಹಿಡಿದುಕೊಂಡಿತು. ಆಗ ಫೋನಿನ ಸೆಲ್ಫಿ ಕ್ಯಾಮೆರಾ ತೆರೆದು ಅವರ ಅಂಗೈ ಮೇಲೆ ಮಲಗಿಸಿ ಕೊಟ್ಟೆ. ಚಾವಣಿ ಕೈಯೊಳಗೇ ಬಂತು. ಕಂಬಕ್ಕೆ ಒರಗಿ ಕೂತು ಅರ್ಧ ಗಂಟೆ ಸೀರೆ ಅಂಚು ನೋಡಿದರು. ನೀವೂ ಹೀಗೇ ಮಾಡಿ. ಮಧ್ಯಾಹ್ನದ ಹೊತ್ತು ಮಾತ್ರ ಬೇಡ. ಅರ್ಧಕ್ಕೇ ನಿಂತ ಕಲ್ಯಾಣ ಮಂಟಪಕ್ಕೆ ಮೇಲೆ ಮುಚ್ಚಿಗೆಯಿಲ್ಲ, ಬರಿಗಾಲಲ್ಲಿ ಹೋಗಬೇಕು. ಕಲ್ಲು ಕಾದು ಅಂಗಾಲು ಸುಡುತ್ತದೆ.

ಲೇಪಾಕ್ಷಿಯ ಕೊರತೆ ಅಂದರೆ ಗುಡಿ ಬಿಟ್ಟರೆ ಊರಲ್ಲಿ ನೋಡುವಂಥದ್ದು ಕಡಿಮೆ. ಮಧ್ಯಾಹ್ನ ಒಂದು ಗಂಟೆಗೆಲ್ಲಾ ಮುಗಿದಿತ್ತು. ಬರುವಾಗ ನಾವು ಹಿಂದೂಪುರದ ಕಡೆಯಿಂದ ಬಂದು ಗೌರಿಬಿದನೂರು ಹತ್ತಿರದ ವಿದುರಾಶ್ವತ್ಥದಲ್ಲಿ ಇಳಿದೆವು. 1938ರ ಏಪ್ರಿಲ್‌ನಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗ ಅದು. ಸಾಲುಸಾಲು ನಾಗರಕಲ್ಲುಗಳ ಪಕ್ಕದಲ್ಲೇ ಸ್ಮಾರಕ. ಲೇಪಾಕ್ಷಿಗೆ ಹೋದವರು ಈ ದಾರಿ ಬಿಡಬಾರದು ಅನ್ನುತ್ತೇನೆ.

ಶ್ರೀರಂಗಪಟ್ಟಣದ ದಾರಿ ಮೂರರಲ್ಲೂ ಸುಲಭ. ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ರಾಮನಗರ, ಚನ್ನಪಟ್ಟಣ, ಮದ್ದೂರು ಯಾವ ಊರಿನ ಒಳಗೂ ಹೋಗಬೇಕಿಲ್ಲ. ಮದ್ದೂರು ವಡೆ ಬೇಕಂದರೆ ಮೊದಲೇ ನೆನಪಿಟ್ಟುಕೊಂಡು ಕೆಳಗಿಳಿಯಬೇಕು. ವೇಗದ ಮಿತಿ 100, ಕ್ಯಾಮೆರಾ ಇವೆ.

ಆದರೆ ಸುಸ್ತು ಶುರುವಾಗುವುದು ಊರು ಸೇರಿದ ಮೇಲೆ. ರಂಗನಾಥನ ಗುಡಿ ಒಂದು ಕಡೆ, ಟಿಪ್ಪುವಿನ ದೇಹ ಸಿಕ್ಕಿದ ಜಾಗ ಇನ್ನೊಂದು ಕಡೆ. ಕರ್ನಲ್ ಬೇಲಿ ಸೆರೆಮನೆ, ಎರಡು ಮಿನಾರಿನ ಮಸೀದಿ, ಕೋಟೆಯಾಚೆ ದರಿಯಾ ದೌಲತ್, ಇನ್ನೂ ಮುಂದೆ ಟಿಪ್ಪುವಿನ ಸಮಾಧಿ ಇರುವ ಗುಂಬಜ್, ಅದಕ್ಕೂ ಆಚೆ ಸಂಗಮ. ಏಳು ಸಲ ಕಾರು ಹತ್ತಿ ಇಳಿದೆವು. ನಾಲ್ಕನೇ ಸಲಕ್ಕೇ ಅಮ್ಮ, "ನಾನು ಕಾರಲ್ಲೇ ಇರ್ತೀನಿ, ನೀವು ನೋಡ್ಕೊಂಡು ಬನ್ನಿ" ಅಂದರು. ಇದು ನೋಡಿ ಈ ಊರಿನ ತೊಂದರೆ. ಎಲ್ಲಾ ಮುಗಿಸಲು ಹೊರಟರೆ ಯಾವುದೂ ಮನಸ್ಸಿಗೆ ಇಳಿಯುವುದಿಲ್ಲ.

ಮಗಳಿಗೆ ಹಿಡಿಸಿದ್ದು ರೈಲು ಹಳಿ ಹತ್ತಿರದ ಟಿಪ್ಪುವಿನ ಶಸ್ತ್ರಾಗಾರ. ಜೋಡಿ ಹಳಿ ಹಾಕುವಾಗ ಅಡ್ಡ ಬಂತೆಂದು ಅದನ್ನು ಕೆಡವಲಿಲ್ಲ. 2017ರಲ್ಲಿ ಇಡೀ ಕಟ್ಟಡವನ್ನೇ ಎತ್ತಿ ನೂರು ಮೀಟರಿಗೂ ಆಚೆ ಸರಿಸಿದರು. ನನಗೆ ಕೇಳಿದರೆ ದರಿಯಾ ದೌಲತ್ ಒಂದೇ ಸಾಕು. 1784ರ ಬೇಸಿಗೆ ಅರಮನೆ, ಬಹುಪಾಲು ತೇಗದ ಮರದ್ದು. ಪಶ್ಚಿಮದ ಗೋಡೆ ಮೇಲೆ ಹೈದರ್, ಟಿಪ್ಪು ಇಂಗ್ಲಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಯುದ್ಧದ ಚಿತ್ರ. ನಡುವೆ ಚೌಕವಾಗಿ ನಿಂತ ಇಂಗ್ಲಿಷ್ ದಂಡು, ಅದರೊಳಗೆ ಪಲ್ಲಕ್ಕಿಯಲ್ಲಿ ಗಾಯಗೊಂಡ ದಂಡಿನ ನಾಯಕ ಕರ್ನಲ್ ಬೇಲಿ, ಪಕ್ಕದಲ್ಲೇ ಸಿಡಿಯುತ್ತಿರುವ ಮದ್ದಿನ ಬಂಡಿ. ಅದೇ ಬೇಲಿಯ ಹೆಸರು ಸೆರೆಮನೆಗೂ ಇದೆಯಲ್ವಾ? ಅದಕ್ಕೇ ಮೊದಲು ಚಿತ್ರ ನೋಡಿ, ಆಮೇಲೆ ಸೆರೆಮನೆಗೆ ಹೋಗಿ. ನಾವು ತಿರುಗುಮುರುಗು ಮಾಡಿದೆವು. ಸೆರೆಮನೆಯಲ್ಲಿ ನಿಂತಾಗ ಈ ಬೇಲಿ ಯಾರು ಅಂತ ಮಗಳಿಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಕೊನೆಯದು ಮೇಲುಕೋಟೆ. ಮಂಡ್ಯದಿಂದ ಪಾಂಡವಪುರದ ಮೇಲೆ ಹೋಗಬಹುದು. ಇಲ್ಲವಾದರೆ ಬೆಳ್ಳೂರು ಕ್ರಾಸ್, ನಾಗಮಂಗಲ ದಾರಿ. ಎರಡನೆಯದು ಸ್ವಲ್ಪ ನಿಧಾನ, ಆದರೆ ನಾಗಮಂಗಲದಲ್ಲಿ ಹೊಯ್ಸಳರ ಸೌಮ್ಯಕೇಶವನ ಗುಡಿ ಸಿಗುತ್ತದೆ. ಇಲ್ಲಿ ಕಾರು ನಿಲ್ಲಿಸಿದ್ದು ಒಂದೇ ಸಲ, ಕಲ್ಯಾಣಿ ಹತ್ತಿರ. ಆಮೇಲೆ ಸಂಜೆವರೆಗೂ ಬೀಗದ ಕೈ ಜೇಬಲ್ಲೇ ಇತ್ತು.

ನಾವು ತಲುಪುವಷ್ಟರಲ್ಲಿ ಚೆಲುವನಾರಾಯಣನ ಗುಡಿ ಮಧ್ಯಾಹ್ನದ ಬಾಗಿಲು ಹಾಕಿತ್ತು. ಸಂಜೆ ತೆಗೆಯುವವರೆಗೆ ಏನು ಮಾಡುವುದು? ಪುಳಿಯೋಗರೆ ತಿಂದು ಕಲ್ಯಾಣಿಯ ಮಂಟಪದ ನೆರಳಲ್ಲಿ ಕೂತೆವು. ಮಗಳು, ನಾನು ಯೋಗಾನರಸಿಂಹನ ಬೆಟ್ಟ ಹತ್ತಿ ಬಂದೆವು. ಅಮ್ಮ ಕೂತಲ್ಲೇ ಕೂತು ಬೆಟ್ಟ, ನೀರು, ಮೀನು ನೋಡುತ್ತಿದ್ದರು. ಅವರಿಗೆ ಏನೂ ತಪ್ಪಿಹೋಗಲಿಲ್ಲ, ಏಕೆಂದರೆ ಕಲ್ಯಾಣಿಯಿಂದಲೇ ಬೆಟ್ಟದ ತುದಿಯ ಗುಡಿ ಕಾಣುತ್ತದೆ. ಬಿಸಿಲು ಇಳಿದ ಮೇಲೆ ಮೂವರೂ ನಿಧಾನಕ್ಕೆ ಬೀದಿಯಲ್ಲಿ ನಡೆದೆವು. ಜಗಲಿ ಇರುವ ಮನೆಗಳು, ಬಾಗಿಲ ಮುಂದೆ ರಂಗೋಲಿ, ಕವಿ ಪು.ತಿ.ನ. ಅವರ ಮನೆ. ರಾಮಾನುಜರು ವರ್ಷಗಟ್ಟಲೆ ಇದ್ದ ಊರು ಇದು, ಈಗಲೂ ಜನ ವಾಸ ಮಾಡುವ ಊರು. ಮಿಕ್ಕ ಎರಡು ಕಡೆ ನಾವು ಸ್ಮಾರಕ ನೋಡಿದೆವು, ಇಲ್ಲಿ ಊರು ನೋಡಿದೆವು. ಅಕ್ಕತಂಗಿ ಕೊಳ, ಅರ್ಧಕ್ಕೆ ನಿಂತ ರಾಯಗೋಪುರ ಕೂಡ ನೋಡಲೇಬೇಕಾದವು. ವೈರಮುಡಿ ಉತ್ಸವದ ದಿನ ಮಾತ್ರ ಸುಮ್ನೆ ಊರು ನೋಡಲು ಹೋಗಬೇಡಿ, ಕಾರಿಗೆ ಜಾಗವೇ ಇರುವುದಿಲ್ಲ.

ಅಮ್ಮನ ಜೊತೆ ಮತ್ತೆ ಹೋಗುವುದಾದರೆ ನನ್ನ ಆಯ್ಕೆ ಮೇಲುಕೋಟೆಯೇ. ಅರ್ಧ ದಿನವಷ್ಟೇ ಬಿಡುವಿದ್ದರೆ ಲೇಪಾಕ್ಷಿ, ಆರು ಗಂಟೆಗೇ ಹೊರಟುಬಿಡಿ. ಶ್ರೀರಂಗಪಟ್ಟಣಕ್ಕೆ ಮಗಳ ಜೊತೆ ಇನ್ನೊಮ್ಮೆ ಹೋಗುತ್ತೇನೆ. ಈ ಸಲ ನೋಡುವುದು ಮೂರೇ ಜಾಗ: ಮೊದಲು ದರಿಯಾ ದೌಲತ್, ಆಮೇಲೆ ಬೇಲಿ ಸೆರೆಮನೆ, ಸಂಜೆಗೆ ಗುಂಬಜ್.