ವೃದ್ಧಾಶ್ರಮಕ್ಕೆ ದೂರದಿಂದ ವೈದ್ಯರು: ಇ-ಸಂಜೀವಿನಿ, ವಿಡಿಯೊ ಕರೆ, ಬರಿಯ ಫೋನ್

ಶಿರಸಿಯಲ್ಲಾಗಲಿ ಕುಮಟಾ-ಹೊನ್ನಾವರದ ಕಡೆಯಾಗಲಿ, ನಡೆಯಲಾಗದ ಅಜ್ಜಿಯೊಬ್ಬರನ್ನು ನರದ ಅಥವಾ ಹೃದಯದ ತಜ್ಞರಿಗೆ ತೋರಿಸಬೇಕೆಂದರೆ ಹೆಚ್ಚಿನ ಸಲ ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಹೋಗಬೇಕು. ಇಡೀ ದಿನದ ಕೆಲಸ. ಘಟ್ಟದ ತಿರುವುಗಳಲ್ಲಿ ವಾಂತಿ, ಹೊತ್ತು ತಪ್ಪಿದ ಇನ್ಸುಲಿನ್, ಗಂಟೆಗಟ್ಟಲೆ ಒದ್ದೆ ಡೈಪರ್. ಹೋಗಿ ಬಂದವರು ಸುಧಾರಿಸಿಕೊಳ್ಳಲು ಮತ್ತೆರಡು ದಿನ ಬೇಕು. ಈ ಪ್ರಯಾಣ ತಪ್ಪಿಸಲು ಮೂರು ದಾರಿಗಳನ್ನು ಬಳಸಿ ನೋಡಿದ್ದೇವೆ. ಒಂದು, ದೂರದಿಂದಲೇ ವೈದ್ಯರೊಡನೆ ಮಾತಾಡಿಸುವ ಸರ್ಕಾರದ ಇ-ಸಂಜೀವಿನಿ. ಎರಡು, ನಮ್ಮ ಆಶ್ರಮದವರನ್ನು ಮೊದಲೇ ಬಲ್ಲ ವೈದ್ಯರಿಗೆ ವಾಟ್ಸಾಪ್ ವಿಡಿಯೊ ಕರೆ. ಮೂರು, ಅಳತೆ ಮತ್ತು ಫೋಟೊ ಮುಂಚಿತವಾಗಿ ಕಳಿಸಿ, ಆಮೇಲೆ ಬರಿಯ ಫೋನ್‌ನಲ್ಲಿ ಮಾತು. ದಿನನಿತ್ಯದ ಆರೈಕೆಗೆ ಮೂರನೆಯದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ವಿಡಿಯೊ ಎಂದಾಕ್ಷಣ ಅದೇ ಮೇಲು ಎಂದುಕೊಳ್ಳಬೇಡಿ.

ಇ-ಸಂಜೀವಿನಿ ಉಚಿತ. 2020ರ ಏಪ್ರಿಲ್‌ನಿಂದ ಮನೆಯಿಂದಲೇ ಬಳಸಬಹುದಾದ ಒಪಿಡಿ ಇದೆ. ಒಟಿಪಿ ಹಾಕಿ ಒಳಹೋಗಿ ಸರದಿಯಲ್ಲಿ ಕಾಯಬೇಕು. ಮಾತು ಮುಗಿದ ಮೇಲೆ ಔಷಧಿ ಚೀಟಿ ಮೊಬೈಲ್‌ಗೇ ಬರುತ್ತದೆ. ಹೊಸ ತುರಿಕೆ, ಕೆಮ್ಮು, ಕಣ್ಣು ಕೆಂಪಾಗುವಂಥ ಬಿಡಿ ತೊಂದರೆಗೆ ಇದು ಸಾಕು. ತೊಡಕಿರುವುದು ಎರಡು ಕಡೆ. ಆಭಾ ಸಂಖ್ಯೆಯನ್ನು (ಸರ್ಕಾರದ ಡಿಜಿಟಲ್ ಆರೋಗ್ಯ ಗುರುತು) ಆಧಾರ್ ಮೂಲಕ ಮಾಡಿಸಹೋದರೆ ಒಟಿಪಿ ಬೆಂಗಳೂರಿನಲ್ಲಿರುವ ಮಗನ ಫೋನ್‌ಗೆ ಹೋಗುತ್ತದೆ, ಏಕೆಂದರೆ ಅಜ್ಜಿಯ ಆಧಾರ್‌ಗೆ ಜೋಡಿಸಿರುವುದು ಅವನ ನಂಬರು. ಮಗ ಬಿಡುವಾಗಿರುವ ಹೊತ್ತು ಕೇಳಿಕೊಂಡು ಇದನ್ನು ಆಶ್ರಮಕ್ಕೆ ಸೇರಿಸುವಾಗಲೇ ಮುಗಿಸಿಬಿಡಬೇಕು. ಇನ್ನೊಂದು, ಪ್ರತಿ ಸಲ ಬೇರೆ ವೈದ್ಯರು ಸಿಗಬಹುದು. ಎಂಟು ಮಾತ್ರೆ ನುಂಗುವ, ಕೊಂಕಣಿ ಅಥವಾ ಹವಿಗನ್ನಡ ಬಿಟ್ಟು ಬೇರೆ ಆಡದ ಎಂಬತ್ತೈದರ ಅಜ್ಜನ ಕತೆಯನ್ನು ಪ್ರತಿ ಸಲ ಮೊದಲಿಂದ ಹೇಳುವಾಗ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ. ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರದ (ಸರ್ಕಾರಿ ಆರೋಗ್ಯ ಕೇಂದ್ರ) ಸಮುದಾಯ ಆರೋಗ್ಯ ಅಧಿಕಾರಿ ಪಕ್ಕದಲ್ಲಿ ಕೂತು ಮಾತಾಡಿದರೆ ಇದೇ ವ್ಯವಸ್ಥೆ ಎಷ್ಟೋ ಮೇಲು.

ವಿಡಿಯೊ ಕರೆ ನಿಜಕ್ಕೂ ಬೇಕಾಗುವುದು ಚಲನೆ ನೋಡಲಿಕ್ಕೆ. ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕೂರುವುದನ್ನು ಬದಿಯಿಂದ ತೋರಿಸಿ. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ. ಏದುಸಿರಿದ್ದರೆ ಅಂಗಿ ಸರಿಸಿ ಎದೆಯ ಏರಿಳಿತವನ್ನು ಪೂರಾ ಒಂದು ನಿಮಿಷ ತೋರಿಸಬೇಕು. ಫೋನ್ ಸ್ಟ್ಯಾಂಡಿನ ಮೇಲೆ, ಕಣ್ಣಿನ ಎತ್ತರಕ್ಕೆ. ಕಿಟಕಿಯ ಬೆಳಕು ಮುಖಕ್ಕೆ ಬೀಳಲಿ, ಬೆನ್ನ ಹಿಂದೆ ಬೇಡ. ಕಿವಿ ಮಂದವಿದ್ದವರಿಗೆ ಎರಡೂ ಕಿವಿ ಮುಚ್ಚುವ ವೈರಿನ ಹೆಡ್‌ಫೋನ್. ಮರೆವಿನ ಕಾಯಿಲೆಯವರು ಪರದೆಯಿಂದ ಬರುವ ದನಿಗೆ ಗಾಬರಿಯಾಗುತ್ತಾರೆ. ದಿನವೂ ಸ್ನಾನ ಮಾಡಿಸುವ ಆಯಾ ಪಕ್ಕದಲ್ಲಿ ಕೂತು ವೈದ್ಯರ ಪ್ರಶ್ನೆಯನ್ನು ತನ್ನ ಬಾಯಲ್ಲಿ ಮತ್ತೆ ಕೇಳಿದರೆ ಉತ್ತರ ಬರುತ್ತದೆ.

ಆದರೆ ಹೊಟ್ಟೆಯ ಗಡಸು, ಹುಣ್ಣಿನ ಆಳ, ಟ್ಯೂಬ್‌ಲೈಟಿನಡಿ ಕಾಮಾಲೆಯ ಹಳದಿ ವಿಡಿಯೊದಲ್ಲಿ ತಿಳಿಯುವುದಿಲ್ಲ. ಡಿಜಿಟಲ್ ಸ್ಟೆತೊಸ್ಕೋಪಿನ ಸದ್ದನ್ನು ಕರೆಯ ನಡುವೆ ಕೇಳಿಸಹೋದರೆ ಗದ್ದಲ ತೆಗೆಯುವ ತಂತ್ರಾಂಶ ಎದೆಬಡಿತವನ್ನೂ ಗದ್ದಲವೆಂದು ನುಂಗುತ್ತದೆ. ರೆಕಾರ್ಡ್ ಮಾಡಿ ಫೈಲ್ ಕಳಿಸಬೇಕು. ಜುಲೈ ಮಳೆ ತಗಡಿನ ಮಾಡಿನ ಮೇಲೆ ಸುರಿಯುವಾಗ ಅದೂ ಆಗುವುದಿಲ್ಲ. ಕರೆಂಟ್ ಹೋಗಿ ಟವರಿನ ಬ್ಯಾಟರಿಯೂ ಇಳಿದರೆ ಮಾತೇ ನಿಂತಿತು. ಫೈಬರ್ ಇದ್ದವರು ರೂಟರಿಗೆ 12 ವೋಲ್ಟಿನ ಸಣ್ಣ ಯುಪಿಎಸ್ ಹಾಕಿಕೊಳ್ಳಿ.

ಮೂರನೆಯ ದಾರಿಯ ಜೀವ ಇರುವುದು ಒಂದು ಹಾಳೆಯಲ್ಲಿ. ಬೆಳಿಗ್ಗೆ ಬರೆದು, ಫೋಟೊ ತೆಗೆದು ಕಳಿಸಿ, ವೈದ್ಯರ ಒಪಿಡಿ ಮುಗಿದ ಮೇಲೆ ಮಾತಾಡುವುದು. ಅಳತೆ ತಪ್ಪಿದರೆ ಔಷಧಿಯೂ ತಪ್ಪುತ್ತದೆ, ಹಾಗಾಗಿ ಇಲ್ಲಿ ಅವಸರ ಬೇಡ. ಬಿ.ಪಿ.ಗೆ ಮುಂಚೆ ಐದು ನಿಮಿಷ ಸುಮ್ಮನೆ, ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ. ತೋಳು ಎದೆಯ ಮಟ್ಟಕ್ಕಿರಲಿ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ. ಒಣಕಲು ತೋಳಿಗೆ ದೊಡ್ಡ ಪಟ್ಟಿ ಕಟ್ಟಿದರೆ ಅಂಕಿ ಕಡಿಮೆ ಬರುತ್ತದೆ, ದಪ್ಪ ತೋಳಿಗೆ ಸಣ್ಣದು ಕಟ್ಟಿದರೆ ಹೆಚ್ಚು. ತಲೆ ಸುತ್ತುತ್ತದೆ ಎನ್ನುವವರಿಗೆ ಮಲಗಿಸಿ ಒಮ್ಮೆ, ಎದ್ದು ನಿಂತ ಒಂದನೇ ಮತ್ತು ಮೂರನೇ ನಿಮಿಷದಲ್ಲಿ ಒಮ್ಮೊಮ್ಮೆ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಬಿ.ಪಿ. ಮಾತ್ರೆಯ ಬಗ್ಗೆ ಅಂದೇ ಕೇಳಬೇಕು. ಶುಗರ್ ನೋಡುವ ಬೆರಳಿಗೆ ಬಾಳೆಹಣ್ಣೋ ಬೆಲ್ಲವೋ ಅಂಟಿದ್ದರೆ ಸುಳ್ಳು ಏರಿಕೆ ಬರುತ್ತದೆ, ತೊಳೆದು ಒರೆಸಿ. ಕರಾವಳಿಯ ತೇವಕ್ಕೆ ಸ್ಟ್ರಿಪ್ ಕೆಡುತ್ತದೆ. ಡಬ್ಬಿಯ ಮುಚ್ಚಳ ಆಗಿಂದಾಗಲೇ ಹಾಕಿ. ಆಕ್ಸಿಮೀಟರಿಗೆ ತಣ್ಣಗಿನ ಬೆರಳು, ಕಡು ಮದರಂಗಿ ಆಗದು. ಜ್ವರಕ್ಕೆ 102ರ ತನಕ ಕಾಯಬೇಡಿ: ಈ ವಯಸ್ಸಿನಲ್ಲಿ 100 ಡಿಗ್ರಿ ಫ್ಯಾರನ್‌ಹೀಟ್, ಇಲ್ಲವೇ ಅವರ ಮಾಮೂಲಿಗಿಂತ ಎರಡು ಡಿಗ್ರಿ ಹೆಚ್ಚಾದರೂ ಜ್ವರವೇ.

ಹೃದಯ ದುರ್ಬಲವಿದ್ದವರ ತೂಕ ದಿನಾ ಬೆಳಿಗ್ಗೆ, ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮೊದಲು. ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಅದು ಮೈಯಲ್ಲಿ ನಿಂತ ನೀರು. ಗಂಜಿಯ ಜತೆ ಅಪ್ಪೆಮಿಡಿ ಎಷ್ಟು ಹೋಯಿತು ಎಂಬುದನ್ನೂ ಹಾಳೆಯಲ್ಲಿ ಬರೆಯಿರಿ, ಉಪ್ಪಿನ ಲೆಕ್ಕ ಅಲ್ಲೇ ಸಿಗುತ್ತದೆ. ಕೊನೆಯ ಸಲ ಮಲವಿಸರ್ಜನೆಯಾದದ್ದು, ಮೂತ್ರ, ಊಟ, ಬಿಟ್ಟ ಮಾತ್ರೆ, ಮತ್ತು ಏನು ಯಾವಾಗಿನಿಂದ ಬದಲಾಯಿತು ಎಂಬ ಒಂದು ಸಾಲು. ನಿನ್ನೆ ಸರಿಯಿದ್ದವರು ಇಂದು ಗೊಂದಲಗೊಂಡು ಸಂಬಂಧವಿಲ್ಲದ ಮಾತಾಡಿದರೆ ವಯಸ್ಸಾಯಿತೆಂದು ಬಿಡಬಾರದು. ಸೋಂಕು, ಮಲಬದ್ಧತೆ, ಕಟ್ಟಿದ ಮೂತ್ರ, ಹೊಸ ಮಾತ್ರೆ, ಯಾವುದೂ ಇರಬಹುದು. ಹಾಸಿಗೆ ಹುಣ್ಣಿನ ಫೋಟೊಗೆ ಫ್ಲ್ಯಾಶ್ ಬೇಡ, ಪಕ್ಕದಲ್ಲಿ ಸ್ಕೇಲ್ ಇಡಿ, ಪ್ರತಿ ಸಲವೂ ಅಷ್ಟೇ ದೂರದಿಂದ ತೆಗೆಯಿರಿ.

ನಿಯಮದ ಮಾತೂ ಇದೇ ದಾರಿಗೆ ಸೇರುತ್ತದೆ. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ, ಅದೇ ವೈದ್ಯರು ಅದೇ ಕಾಯಿಲೆಗೆ ಆರು ತಿಂಗಳೊಳಗೆ ಖುದ್ದಾಗಿ ನೋಡಿದ್ದರೆ ಮುಂದಿನದು ಮರುಭೇಟಿ ಎನಿಸುತ್ತದೆ. ಆಗ ಅದೇ ಕಾಯಿಲೆಗೆ ಇನ್ನೊಂದು ಔಷಧಿ ಸೇರಿಸಲೂ ಅವಕಾಶವಿದೆ. ಮೊದಲ ಸಲವಾದರೆ ಹಲವು ಔಷಧಿಗಳಿಗೆ ವಿಡಿಯೊ ಕಡ್ಡಾಯ. ಆದ್ದರಿಂದ ಆರು ತಿಂಗಳಿಗೊಮ್ಮೆ ವೈದ್ಯರನ್ನು ಆಶ್ರಮಕ್ಕೇ ಕರೆಸುವ ಖರ್ಚು ದಂಡವಲ್ಲ. ನೋವಿನ ಟ್ರಮಡಾಲ್, ಆತಂಕ-ನಿದ್ದೆಯ ಅಲ್ಪ್ರಜೋಲಾಂನಂಥವನ್ನು ಮಾತ್ರ ಫೋನ್‌ನಲ್ಲಿ ಕೇಳಲೇಬೇಡಿ, ಅವು ದೂರದಿಂದ ಬರೆದುಕೊಡಬಾರದ ಔಷಧಿಗಳ ನಿಷೇಧಿತ ಪಟ್ಟಿಯಲ್ಲಿವೆ. ಕರೆ ಮಾಡುವುದು ಸಿಬ್ಬಂದಿಯಾದ್ದರಿಂದ ಅಜ್ಜ-ಅಜ್ಜಿಯ ಒಪ್ಪಿಗೆಯನ್ನು ಸ್ಪಷ್ಟವಾಗಿ ಪಡೆಯಬೇಕು. ಹೇಳಲಾಗದವರ ಪರವಾಗಿ ಮಾತಾಡಲು ಮನೆಯವರ ಅಧಿಕಾರ ಪತ್ರ ಕಡತದಲ್ಲಿರಲಿ.

ಎದೆನೋವು, ಬಾಯಿ ಸೊಟ್ಟಗಾಗುವುದು, ಆಕ್ಸಿಜನ್ 90ಕ್ಕಿಂತ ಕೆಳಗೆ, ಬಿದ್ದವರ ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿರುವುದು, ರಕ್ತ ತೆಳುಮಾಡುವ ಮಾತ್ರೆ ನುಂಗುವವರ ತಲೆಗೆ ಪೆಟ್ಟು: ಇವಕ್ಕೆ ಮೂರೂ ದಾರಿ ಬೇಡ, ನೇರ 108. ಲಕ್ವಾದಲ್ಲಿ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಅದರ ಲೆಕ್ಕ ಶುರುವಾಗುವುದು ರೋಗಿ ಕೊನೆಯದಾಗಿ ಸರಿಯಿದ್ದ ಹೊತ್ತಿನಿಂದ. ಆ ಹೊತ್ತನ್ನು ಚೀಟಿಯಲ್ಲಿ ಬರೆದು, ಮಾತ್ರೆಗಳ ಪಟ್ಟಿಯ ಜತೆ ಆಂಬುಲೆನ್ಸ್‌ನವರ ಕೈಗೆ ಕೊಡಿ.