ಅರ್ಧಕ್ಕೆ ನಿಂತ ಅಪ್‌ಡೇಟ್: ಟರ್ಮಿನಲ್ಲೋ, ಸಿನಾಪ್ಟಿಕ್ಕೋ, ಹೊಸದಾಗಿ ಹಾಕೋದೋ?

ಉಬುಂಟು ಲಿನಕ್ಸ್ ಕಂಪ್ಯೂಟರ್‌ನಲ್ಲಿ ಮೂರನ್ನೂ ಮಾಡಿ ನೋಡಿದ್ದೇನೆ. ಇನ್ನು ಮುಂದೆ ಟರ್ಮಿನಲ್ (ಆದೇಶದ ಸಾಲು ಹೊಡೆಯುವ ಕಿಟಕಿ) ಬಿಟ್ಟು ಬೇರೆ ಕಡೆ ಹೋಗುವವನಲ್ಲ.

ಜಮಖಂಡಿಯಲ್ಲಿ ನನ್ನದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಪಹಣಿ ಪ್ರಿಂಟ್, ಅರ್ಜಿ ತುಂಬೋದು. ಲಗ್ನದ ಸುಗ್ಗಿಯಲ್ಲೇ ಉಬುಂಟು 22.04 ಹೊಸ ಕರ್ನಲ್, ಅಂದರೆ ಅದರ ತಿರುಳು, ಹಾಕಿಕೊಳ್ಳುತ್ತಿತ್ತು. "ಅಣ್ಣಾರ, ಕರೆಂಟ್ ಹೋತ್ರೀ!" ಅಂತ ಹುಡುಗ ಕೂಗಿದ. ಯುಪಿಎಸ್ ಎರಡು ನಿಮಿಷವೂ ತಡೆಯಲಿಲ್ಲ.

ಕರೆಂಟ್ ಬಂದ ಮೇಲೆ ಮೊದಲು ಸಿನಾಪ್ಟಿಕ್ ತೆರೆದೆ, ಮೌಸ್‌ನಲ್ಲೇ ಪ್ರೋಗ್ರಾಂ ಹಾಕುವ, ತೆಗೆಯುವ ಸಾಧನ ಅದು. ಹಿಂದೊಮ್ಮೆ ಪ್ರಿಂಟರ್‌ನ ಡೆಬ್ ಫೈಲ್ (ಉಬುಂಟುವಿನ ಇನ್‌ಸ್ಟಾಲ್ ಫೈಲ್) ಹಾಕಿ ಡಿಪೆಂಡೆನ್ಸಿ, ಅಂದರೆ ಅದಕ್ಕೆ ಬೇಕಾದ ಬೇರೆ ಪ್ಯಾಕೇಜ್‌ಗಳ ಹೊಂದಿಕೆ, ಕೆಟ್ಟಾಗ, ಎಡಿಟ್ ಮೆನುವಿನ 'ಫಿಕ್ಸ್ ಬ್ರೋಕನ್ ಪ್ಯಾಕೇಜಸ್' ಒತ್ತಿ, ಅಪ್ಲೈ ಕೊಟ್ಟೊಡನೆ ಸರಿಯಾಗಿತ್ತು. ಈ ಸಲ ಮಾತ್ರ ಡಿಪಿಕೆಜಿ (ಪ್ಯಾಕೇಜ್ ಕೂರಿಸುವ ಒಳಗಿನ ಪ್ರೋಗ್ರಾಂ) ನಡುವೆ ನಿಂತಿದೆ, 'ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ' ನೀವೇ ಓಡಿಸಿ ಎಂಬ ಪೆಟ್ಟಿಗೆ ತೋರಿಸಿ ಸುಮ್ಮನಾಯಿತು. ಕೊನೆಗೆ ಟರ್ಮಿನಲ್‌ಗೇ ಕಳಿಸುವುದಾದರೆ ಮೊದಲೇ ಅಲ್ಲಿಗೆ ಹೋಗುವುದು ವಾಸಿ. ಇನ್ನೊಂದು, ಉಬುಂಟುವಿನಲ್ಲಿ ಸಿನಾಪ್ಟಿಕ್ ತಾನಾಗಿ ಬರುವುದಿಲ್ಲ. ಪ್ಯಾಕೇಜ್ ಇಳಿಸಿ ಹಾಕುವ ಏಪ್ಟ್ ಕೆಟ್ಟ ಮೇಲೆ ಹಾಕಿಕೊಳ್ಳಲೂ ಬಿಡುವುದಿಲ್ಲ.

ಟರ್ಮಿನಲ್‌ನಲ್ಲಿ ಆ ಸಾಲು ಹೊಡೆದೆ. ಸರಸರನೆ ಓಡಿ, ಕರ್ನಲ್ ಹತ್ತಿರ ನಿಂತಿತು: 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್'. ಡಿಸ್ಕ್‌ನಲ್ಲಿ ಮುನ್ನೂರು ಜಿಬಿ ಖಾಲಿ ಇದೆ! 'ಡಿಎಫ್ -ಎಚ್' ಕೊಟ್ಟಾಗ ತಿಳಿಯಿತು, ತುಂಬಿದ್ದು ಬೂಟ್ ಪಾರ್ಟಿಶನ್, ಅಂದರೆ ಕರ್ನಲ್‌ಗಳು ಕೂರುವ ಡಿಸ್ಕ್‌ನ ಭಾಗ. ಗಿರಾಕಿಗಳ ಆಧಾರ್ ಪ್ರತಿಗಳು ಇರುತ್ತವೆಂದು ಉಬುಂಟು ಹಾಕುವಾಗಲೇ ಡಿಸ್ಕ್ ಎನ್‌ಕ್ರಿಪ್ಟ್ (ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ) ಮಾಡಿದ್ದೆ. ಹಾಗೆ ಮಾಡಿದರೆ ಬೂಟ್‌ಗೆ ಬೇರೆಯದೇ ಚಿಕ್ಕ ಪಾರ್ಟಿಶನ್ ಬೀಳುತ್ತದೆ.

ಅಲ್ಲಿಂದ ಶುರುವಾಯಿತು ಸುತ್ತಾಟ. ಹಳೆಯ ಕರ್ನಲ್ ತೆಗೆಯಲು 'ಏಪ್ಟ್ ಆಟೊರಿಮೂವ್' ಕೊಟ್ಟರೆ, ಮೊದಲು '--ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್' ಓಡಿಸು ಅನ್ನುತ್ತದೆ. ಅದನ್ನು ಓಡಿಸಿದರೆ ಜಾಗವಿಲ್ಲ ಅನ್ನುತ್ತದೆ. ಇದರಲ್ಲೇ ಮಧ್ಯಾಹ್ನದ ಊಟ ತಪ್ಪಿತು, ಎರಡು ಲಗ್ನಪತ್ರಿಕೆಯ ಪ್ರೂಫ್ ಹಾಗೇ ಉಳಿದವು.

ಬಿಡಿಸಿದ್ದು ಹೀಗೆ. 'ಯುನೇಮ್ -ಆರ್' ಕೊಟ್ಟು ಈಗ ಓಡುತ್ತಿರುವ ಕರ್ನಲ್ ಯಾವುದೆಂದು ಚೀಟಿಯಲ್ಲಿ ಬರೆದುಕೊಂಡೆ, ಅದನ್ನು ಮುಟ್ಟಲೇಬಾರದು. ಬೂಟ್ ಫೋಲ್ಡರ್‌ನಲ್ಲಿ ಎಲ್ಲಕ್ಕಿಂತ ಹಳೆಯ ಕರ್ನಲ್‌ನ 'ಇನಿಟ್‌ಆರ್‌ಡಿ' ಫೈಲ್ (ಆ ಕರ್ನಲ್ ಶುರುವಾಗಲು ಬೇಕಾದದ್ದು) ಒಂದನ್ನೇ ಅಳಿಸಿದೆ. ನನ್ನದರಲ್ಲಿ ಅದೊಂದೇ ನೂರು ಎಂಬಿ ಮೀರಿತ್ತು. ಆಮೇಲೆ ಮತ್ತೆ ಡಿಪಿಕೆಜಿ ಸಾಲು, ಫಿಕ್ಸ್-ಬ್ರೋಕನ್, ಕೊನೆಗೆ ಆಟೊರಿಮೂವ್. ಎಲ್ಲ ಸೇರಿ ಹತ್ತು ನಿಮಿಷ.

ಅಂದಹಾಗೆ, 'ಲಾಕ್' ಎಂಬ ಸಂದೇಶ ಬಂದರೆ ಲಾಕ್ ಫೈಲ್ ಅಳಿಸಲು ಹೋಗಬೇಡಿ. ಬಹಳ ಸಲ ಹಿಂದೆ ತಾನಾಗಿ ಅಪ್‌ಡೇಟ್ ನಡೆಯುತ್ತಿರುತ್ತದೆ, ಸ್ವಲ್ಪ ಕಾಯಿರಿ.

ಹೊಸದಾಗಿ ಹಾಕುವ ದಾರಿ ಹೋದ ವರ್ಷದ್ದು. ಐಎಸ್‌ಒ (ಉಬುಂಟು ಇನ್‌ಸ್ಟಾಲ್ ಮಾಡುವ ದೊಡ್ಡ ಫೈಲ್) ಇಳಿಸಲು ಫೋನಿನ ಒಂದು ದಿನದ ಡೇಟಾ ಸಾಲಲಿಲ್ಲ. ಕನ್ನಡ ಫಾಂಟ್, ಪ್ರಿಂಟರ್, ಇಂಕ್‌ಸ್ಕೇಪ್‌ನ ಅಳತೆಗಳು, ಎಲ್ಲವನ್ನೂ ಮತ್ತೆ ಕೂಡಿಸುವಷ್ಟರಲ್ಲಿ ಒಂದೂವರೆ ದಿನ ಅಂಗಡಿ ಬಂದ್. ಡಿಸ್ಕೇ ಕೆಟ್ಟರೆ ಸರಿ, ಇಂಥದ್ದಕ್ಕೆ ಬೇಡವೇ ಬೇಡ.

ಮನೆಯಲ್ಲಿ ಒಂದೇ ಕಂಪ್ಯೂಟರ್, ಕೀಲಿಮಣೆಯಲ್ಲಿ ಸಾಲು ಹೊಡೆಯಲು ಭಯ ಎನ್ನುವವರಿಗೆ ಡಿಪೆಂಡೆನ್ಸಿ ಕೆಟ್ಟಂಥ ಚಿಕ್ಕ ತೊಂದರೆಗೆ ಸಿನಾಪ್ಟಿಕ್ ಸಾಕು, ಆದರೆ ಎಲ್ಲ ಚೆನ್ನಾಗಿರುವಾಗಲೇ ಹಾಕಿಟ್ಟುಕೊಳ್ಳಿ. ನಾನು ಆ ನಾಲ್ಕು ಸಾಲು ಪ್ರಿಂಟ್ ತೆಗೆದು ಮಾನಿಟರ್ ಪಕ್ಕ ಅಂಟಿಸಿದ್ದೇನೆ, ಯುಪಿಎಸ್‌ಗೆ ಹೊಸ ಬ್ಯಾಟರಿಯನ್ನೂ ಹಾಕಿಸಿದ್ದೇನೆ.